ಹೊಸಿಲಿಲ್ಲದ ಬಂಗಲೆ

ಅಕ್ಷಿತಾಳ ಮುಂದಿನ ಹಲ್ಲು ಮುರಿದದ್ದು ಹೊಣಕೆರೆಯ ಅಜ್ಜಿ ಮನೆಯ ಹೊಸಿಲು ಎಡವಿ. ಮುಂದೆ ಮೈಸೂರಿನಲ್ಲಿ ಒಳಾಂಗಣ ವಿನ್ಯಾಸ ಓದಿ ಬಂದವಳು ಆ ಸೇಡನ್ನು ನಾಲ್ಕು ತಾಲ್ಲೂಕಿನ ಮೇಲೆ ತೀರಿಸಿಕೊಂಡಳು. ಅವಳು ಮಾಡಿಕೊಟ್ಟ ಯಾವ ಮನೆಗೂ ಹೊಸಿಲಿಲ್ಲ. ಗೇಟಿನಿಂದ ಮಂಚದವರೆಗೆ ನೆಲ ಒಂದೇ ಸಮ. ಕಸ ಗುಡಿಸುವ ರೋಬೋ ಎಲ್ಲೂ ಮುಗ್ಗರಿಸಬಾರದು. “ಐಷಾರಾಮ ಅಂದ್ರೆ ಕಾಲಿಗೆ ಏನೂ ಅಡ್ಡ ಬರಬಾರದು” ಎನ್ನುವಳು. ದುಡ್ಡಿದ್ದವರು ತಲೆಯಾಡಿಸುವರು.

ಪಾಂಡವಪುರದ ಆಚೆ, ನಾಲೆ ಏರಿಯ ಪಕ್ಕ ಶಶಿ ಕಟ್ಟಿಸಿದ ಬಂಗಲೆ ಅವಳ ಕೆಲಸಗಳಲ್ಲೇ ದೊಡ್ಡದು. ಬೆಳಗಾದರೆ ಗೃಹಪ್ರವೇಶ. ಮೆಚ್ಚುಗೆಯಾದರೆ ಶ್ರೀರಂಗಪಟ್ಟಣದ ರೆಸಾರ್ಟಿನ ಕೆಲಸವೂ ಅವಳಿಗೇ. ಕೆಟ್ಟರೆ ಕೆ.ಆರ್. ಪೇಟೆ ಸಂತೆಯಲ್ಲಿ ಸೊಪ್ಪು ಮಾರುವವರೂ ಆಡಿಕೊಳ್ಳುತ್ತಾರೆ.

ಹಿಂದಿನ ದಿನ ಮಧ್ಯಾಹ್ನ ಅಕ್ಷಿತಾ ಬಂದು ನೋಡಿದರೆ ಬಿಳಿ ಅಮೃತಶಿಲೆಯ ಮೇಲೆ ಒದ್ದೆ ಹೆಜ್ಜೆ. ಹೆಂಗಸಿನ ಪಾದ. ನಾಲೆಯಿಂದ ಬಾಗಿಲಿಗೆ, ಬಾಗಿಲಿಂದ ಸೋಫಾಕ್ಕೆ. ವಾಪಸು ಹೋದ ಗುರುತಿಲ್ಲ. ಸೋಫಾ ಖಾಲಿ, ಆದರೆ ಮೆತ್ತೆ ಮಾತ್ರ ಯಾರೋ ಕೂತ ಹಾಗೆ ತಗ್ಗಿತ್ತು. ರೋಬೋ ಅಲ್ಲಿಗೆ ಬಂತು, ಕಾಣದ ಕಾಲೊಂದನ್ನು ಮರ್ಯಾದೆಯಿಂದ ಬಳಸಿಕೊಂಡು ಹೋಯಿತು.

“ಕುಳ್ಳಯ್ಯ, ಯಾರ್ ಬಂದಿದ್ರು?”

“ಯಾರೂ ಇಲ್ಲ ಕಣವ್ವ,” ಎಂದ ಬಡಗಿ. “ಒರ್ಸಿ ಒರ್ಸಿ ಸಾಕಾಯ್ತು. ಒರ್ಸುದಷ್ಟೂ ಒದ್ದೆಯಾಯ್ತದೆ.”

ಶಶಿಯ ತಾಯಿ ಸಿದ್ದಲಿಂಗಮ್ಮ ಪೂಜೆಯ ತಂಬಿಗೆ ಹಿಡಿದು ಬಂದವರು ಹೆಜ್ಜೆ ನೋಡಿ ನಿಂತರು. “ಒಸ್ಲೇ ಮಡುಗಿಲ್ವಲ್ಲವ್ವ. ನಾಲೇಲಿ ಸತ್ತೋರ್ಗೆ ಎಲ್ಲಿ ನಿಂತ್ಕೋಬೇಕು ಅಂತ ಎಂಗ್ ಗೊತ್ತಾಗ್ಬೇಕು? ರೋಬೋಗೆ ದಾರಿ ಮಾಡ್ದೆ, ಇವ್ಳೂ ಬಂದ್ಬುಟ್ಲು.”

ಅಕ್ಷಿತಾ ನಂಬಲಿಲ್ಲ. ಆದರೂ ಕುಳ್ಳಯ್ಯನ ಕೈಲಿ ತೇಗದ ತುಂಡೊಂದನ್ನು ಬಾಗಿಲಿಗೆ ಹೊಸಿಲಾಗಿ ಹಾಕಿಸಿ, ಅರಿಶಿನ ಬಳಿದು ಕುಂಕುಮ ಇಟ್ಟಳು.

ಮೆತ್ತೆ ಮೇಲೆದ್ದಿತು. ಒದ್ದೆ ಹೆಜ್ಜೆಗಳು ಒಂದೊಂದಾಗಿ ಬಾಗಿಲಿಗೆ ಬಂದವು, ಹೊಸಿಲ ಒಳಗಡೆ ನಿಂತವು. ಹಿಂದೆ ಸರಿದವು. ಮತ್ತೆ ಬಂದವು.

“ಅಯ್ಯೋ ಪೆದ್ದಿ! ಒಳೀಕ್ ಬಂದೋಳ್ನ ಆಚೆ ಕಳಿಸ್ದೆ ಒಸ್ಲಾಕುದ್ಯಲ್ಲೇ! ಈಗೆಂಗ್ ಓಯ್ತಾಳೆ?” ಎಂದರು ಸಿದ್ದಲಿಂಗಮ್ಮ.

“ಏನ್ ಮಾಡ್ಲಿ ಅಮ್ಮ?”

“ಮದ್ವೆ ಎಣ್ಣಿನಂಗೆ ಕೈ ಇಡ್ದು ದಾಟಿಸ್ಬೇಕು. ಆದ್ರೆ ದಾಟ್ಸಿದೋರ ಮನೇಗೇ ಓಯ್ತಾಳೆ, ಆಮೇಲೆ ಯೋಳ್ನಿಲ್ಲ ಅನ್ಬ್ಯಾಡ.”

“ನೀವೇ ದಾಟ್ಸಿ.”

“ನಂಗ್ಯಾಕವ್ವ? ಇರೋ ಸೊಸೇನೇ ಸಾಕಾಗವ್ಳೆ.”

ಹೊರಗೆ ಶಶಿಯ ಕಾರು ನಿಂತ ಸದ್ದಾಯಿತು. ಜೊತೆಗೆ ರೆಸಾರ್ಟಿನವರ ಮಾತೂ ಕೇಳಿಸಿತು. ಅಕ್ಷಿತಾ ಕಣ್ಣು ಮುಚ್ಚಿ, ಬರಿಯ ಗಾಳಿಗೆ ಕೈ ಚಾಚಿದಳು. ನೀರಲ್ಲಿ ನೆನೆದು ಸುಕ್ಕಾದ ಅಂಗೈಯೊಂದು ಅವಳ ಕೈಯೊಳಗೆ ಬಂದು ಕೂತಿತು. ಗಾಜಿನ ಬಳೆ ಮೊಣಕೈಗೆ ಜಾರಿದ ಸದ್ದು. ಇಬ್ಬರೂ ಬಲಗಾಲಿಟ್ಟು ದಾಟಿದರು. ಹಿಂದೆ ಅಮೃತಶಿಲೆ ತಾನಾಗಿ ಒಣಗಿತು.

ರೆಸಾರ್ಟಿನವರು ಮನೆಯೆಲ್ಲ ಸುತ್ತಿ ಬಂದು ಹೊಸಿಲ ಮುಂದೆ ನಿಂತರು. “ಇದೊಂದು ಬಲ್ ಚೆಂದಾಗೈತೆ ಮೇಡಂ. ನಮ್ ಕಾಟೇಜಿಗೆಲ್ಲ ಇಂಗೇ ಮಾಡ್ಬುಡಿ.” ಅಲ್ಲೇ ಕೈ ಕುಲುಕಿದರು. ಅಕ್ಷಿತಾ ಎಡಗೈ ಕೊಟ್ಟಳು, ಬಲಗೈಗೆ ಬಿಡುವಿರಲಿಲ್ಲ.

ಅವಳು ಕಾರು ಹತ್ತಿ, ಮನೆಗೆಂದು ನಾಗಮಂಗಲದ ದಾರಿ ಹಿಡಿದಳು. ಊರು ದಾಟುವ ಮುಂಚೆಯೇ ಕಾರು ಕುಂಯ್‌ಗುಟ್ಟತೊಡಗಿತು. ಪಕ್ಕದ ಸೀಟಿನವರು ಬೆಲ್ಟ್ ಹಾಕಿಲ್ಲವೆಂದು ಕೆಂಪು ದೀಪ ಮಿನುಗಿತು. ಅಕ್ಷಿತಾ ರಸ್ತೆ ಬದಿಗೆ ನಿಲ್ಲಿಸಿದಳು, ಬಗ್ಗಿ ಬೆಲ್ಟ್ ಎಳೆದು ಸಿಕ್ಕಿಸಿದಳು.

ಕಾರು ಸುಮ್ಮನಾಯಿತು.