ನಾಲ್ಕನೇ ಜ್ವರ

"ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯೇನಮ್ಮಾ?" ಜಗಲಿಯ ಅಂಚಿನಲ್ಲಿ ಕುಳಿತು ಷಡಕ್ಷರಿ ಕೇಳಿದ.

"ಎಲ್ಲಾಕೂ ಅದೆ ಕಣ್ ಸಾ," ಎಂದಳು ಗುರುಬಸಮ್ಮ, ಹುಳುಮನೆಯ ಬಾಗಿಲಿಗೆ ಅಡ್ಡವಾಗಿ ನಿಂತು. "ನಿನ್ನೆ ಸಂಜೇಲಿ ಕುಂತ್ಕಂಡ್ವು. ಇದು ಮೂರ್ನೇ ಜ್ವರ."

ಷಡಕ್ಷರಿಯ ಪೆನ್ಸಿಲ್ಲು ನಿಂತಿತು. ಮೂರನೇ ಸಲ ಮರುಕಳಿಸಿದ ಜ್ವರವನ್ನು ಹೆಂಗಸೊಬ್ಬಳು ಇಷ್ಟು ನಿರಾಳವಾಗಿ ಹೇಳುವುದನ್ನು ಅವನು ಕೇಳಿರಲಿಲ್ಲ.

ಕೊಳ್ಳೇಗಾಲದ ಸುತ್ತಿನಲ್ಲಿ ರೇಷ್ಮೆಹುಳು ಪೊರೆ ಕಳಚುವುದಕ್ಕೆ ಜ್ವರ ಎನ್ನುತ್ತಾರೆ. ಗೂಡು ಕಟ್ಟುವಷ್ಟರಲ್ಲಿ ಹುಳುವಿಗೆ ಇಂಥ ನಾಲ್ಕು ಜ್ವರ. ಒಂದು ದಿನ ತಿನ್ನುವುದನ್ನು ಬಿಟ್ಟು, ತಲೆಯೆತ್ತಿಕೊಂಡು ಸುಮ್ಮನೆ ಕೂರುತ್ತದೆ. ಆಮೇಲೆ ಎದ್ದು ಹಿಪ್ಪುನೇರಳೆ ಸೊಪ್ಪಿಗೆ ಬಾಯಿ ಹಾಕುತ್ತದೆ. ಮಧುವನಹಳ್ಳಿಯ ಪುಟ್ಟ ಮಕ್ಕಳಿಗೂ ತಿಳಿದ ಈ ಸಂಗತಿ, ಕೊಯಮತ್ತೂರಿನ ಪೇಟೆಯಲ್ಲಿ ಹುಟ್ಟಿ, ಮನೆಮಾತಿನ ಕನ್ನಡವೊಂದನ್ನೇ ನೆಚ್ಚಿಕೊಂಡು ಮಲೇರಿಯಾ ಇನ್ಸ್‌ಪೆಕ್ಟರಾಗಿ ಬಂದ ಷಡಕ್ಷರಿಗೆ ತಿಳಿದಿರಲಿಲ್ಲ. ಗುರುಬಸಮ್ಮನಿಗೋ, ಹುಳುಮನೆ ತುಂಬಿದ ಮೇಲೆ ಜ್ವರಕ್ಕೆ ಬೇರೆ ಅರ್ಥವಿದೆ ಎಂಬುದೇ ಮರೆತುಹೋಗುತ್ತಿತ್ತು. ಅಲ್ಲದೆ ಆ ಕಡೆ ಮಕ್ಕಳನ್ನೂ 'ಅವು' ಎಂದೇ ಅನ್ನುತ್ತಾರೆ. ಪಾಪದ ಇನ್ಸ್‌ಪೆಕ್ಟರಿಗೆ ಅನುಮಾನ ಬರುವುದಾದರೂ ಹೇಗೆ?

"ಒಟ್ಟು ಎಷ್ಟಿವೆಯಮ್ಮಾ?"

"ಎಣಿಸ್ನಿಲ್ಲ ಸಾ. ಎಣಿಸ್ಬಾರ್ದು, ದೃಷ್ಟಿ ಆಯ್ತದೆ."

"ಏನು ತಿನ್ನಿಸುತ್ತೀರಿ?"

"ಸೊಪ್ಪು."

"ಬರೀ ಸೊಪ್ಪೇ?"

"ಇನ್ನೇನ್ ತಿಂದಾವು? ಜ್ವರ ಇರೋವಾಗ ಅದೂ ಇಲ್ಲ. ಅವುಗಳ ಪಾಡಿಗೆ ಬುಟ್ಬುಡ್ಬೇಕು."

ಯುದ್ಧದ ಕಾಲ. ಅಕ್ಕಿಗೆ ರೇಷನ್ನು ಬಂದಿತ್ತು. ಜಾವಾ ದ್ವೀಪ ಜಪಾನಿನವರ ಪಾಲಾದ ಮೇಲೆ ಕ್ವಿನೈನ್ ಮಾತ್ರೆ ಸಿಗುವುದೇ ದುಸ್ತರವಾಗಿ, ಜ್ವರದವರ ಪಟ್ಟಿ ತೋರಿಸದೆ ಆಸ್ಪತ್ರೆಯವರು ಒಂದನ್ನೂ ಕೊಡುತ್ತಿರಲಿಲ್ಲ. ಪ್ಯಾರಾಚೂಟಿಗೆ ರೇಷ್ಮೆ ಬೇಕೆಂದು ಊರೂರೇ ಹುಳುವಿನ ಹಿಂದೆ ಬಿದ್ದಿತ್ತು. ಈ ಗಡಿಬಿಡಿಯಲ್ಲಿ ಮಕ್ಕಳಿಗೆ ಸೊಪ್ಪು ತಿನ್ನಿಸಿ ಮಲಗಿಸಿದ್ದಾರಲ್ಲ ಎಂದು ಮರುಗಿ ಷಡಕ್ಷರಿ ಎಲ್ಲವನ್ನೂ ಬರೆದುಕೊಂಡ. ಬೀದಿಯ ಉಳಿದ ಮನೆಗಳಲ್ಲೂ ಇದೇ ಉತ್ತರ. ಎಲ್ಲರೂ ಒಂದೇ ಕಡೆಯಿಂದ, ಒಂದೇ ದಿನ ಮೊಟ್ಟೆ ತಂದವರು. ಎಲ್ಲರಿಗೂ ಮೂರನೇ ಜ್ವರ.

ನಿಜವಾದ ಜ್ವರ ಅಂಗಳದಲ್ಲೇ ಇತ್ತು. ಸೊಪ್ಪಿನ ಕುಕ್ಕೆಗೆ ಬಿದಿರ ದಬ್ಬೆ ಹೆಣೆಯುತ್ತ ಕುಳಿತಿದ್ದ ರಾಮಮ್ಮ ಮಾತೆಲ್ಲ ಕೇಳಿಸಿಕೊಂಡಳು, ಬಾಯಿ ಬಿಡಲಿಲ್ಲ. ಏಳು ವರ್ಷದಿಂದ ಗುರುಬಸಮ್ಮನ ತೋಟದಲ್ಲಿ ಸೊಪ್ಪು ಕೊಯ್ಯುವವಳು ಅವಳೇ. ಪಾಲಾರ್ ಕಡೆಯ ತವರಿಗೆ ಹೋಗಿ ಬಂದಾಗ ಚಳಿಜ್ವರ ಜೊತೆಯಲ್ಲೇ ಬಂದಿತ್ತು. ದಿನ ಬಿಟ್ಟು ದಿನ, ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ. ಹೋದ ವರ್ಷ ಅವಳ ಅಕ್ಕ ಇದರಲ್ಲೇ ತೀರಿಹೋಗಿದ್ದಳು. ಆದರೂ ಹೇಳುವಂತಿರಲಿಲ್ಲ, ಹೇಳಿದರೆ ಕೂಲಿ ತಪ್ಪುತ್ತಿತ್ತು. ಮೈ ಬಿಸಿಯಿದ್ದವರು ಹುಳುಮನೆ ಹೊಕ್ಕರೆ ಹುಳು ಕೆಡುತ್ತದೆ ಎಂಬುದು ಊರಿನ ಕಟ್ಟಳೆ. ಅದನ್ನು ಗುರುಬಸಮ್ಮನಷ್ಟು ಬಿಗಿಯಾಗಿ ಹಿಡಿದವರಿಲ್ಲ. ಚಳಿ ಬರುವ ಹೊತ್ತಿಗೆ ರಾಮಮ್ಮ ತೋಟದ ಬದುವಿನಲ್ಲಿ ಗೋಣಿ ಹೊದ್ದು ಮುದುಡಿ, ಬೆವರಿದ ಮೇಲೆ ಎದ್ದು ಕೊಯ್ಯುತ್ತಿದ್ದಳು.

ಶನಿವಾರ ಷಡಕ್ಷರಿ ಮತ್ತೆ ಬಂದ. ಚೀಲದಲ್ಲಿ ಕ್ವಿನೈನಿನ ಇಡೀ ಡಬ್ಬಿ, ಕೈಯಲ್ಲಿ ತನ್ನ ಸ್ವಂತ ಖರ್ಚಿನ ಒಂದು ಬಿಸ್ಕತ್ತಿನ ಪೊಟ್ಟಣ.

"ಜ್ವರ ಇಳಿಯಿತೇನಮ್ಮಾ?"

"ಅದು ಮಂಗ್ಳಾರವೇ ಎದ್ವಲ್ಲ ಸಾ. ಈಗ ನಾಕ್ನೇ ಜ್ವರ."

"ಅಯ್ಯೋ ಕಡವುಳೇ!" ಗಾಬರಿಗೆ ಅವನ ಬಾಯಲ್ಲಿ ತಮಿಳು ಬಂತು. "ನಾನೇ ಕಣ್ಣಾರೆ ನೋಡಬೇಕು. ಮಾತ್ರೆ ನನ್ನೆದುರಿಗೇ ನುಂಗಿಸಬೇಕು ಅಂತ ಡಾಕ್ಟರ ಅಪ್ಪಣೆ."

ಸರ್ಕಾರದವರು ತನ್ನ ಹುಳು ನೋಡಲು ಹಟ ಹಿಡಿದದ್ದು ಗುರುಬಸಮ್ಮನಿಗೆ ಒಳಗೊಳಗೇ ಹೆಮ್ಮೆ. ಕಾಲು ತೊಳೆಸಿ, ಸದ್ದು ಮಾಡಬಾರದೆಂದು ಎಚ್ಚರಿಸಿ ಒಳಗೆ ಕರೆದೊಯ್ದಳು. ಕತ್ತಲೆಗೆ ಕಣ್ಣು ಹೊಂದಿದ ಮೇಲೆ ಷಡಕ್ಷರಿಗೆ ಕಂಡದ್ದು ಸೂರಿನವರೆಗೆ ಪೇರಿಸಿದ ಬಿದಿರು ತಟ್ಟೆಗಳು, ತಟ್ಟೆಯ ತುಂಬ ತಲೆಯೆತ್ತಿ ಕುಳಿತ ಹುಳುಗಳು.

"ಎಲ್ಲಿ?"

"ಇವೇ."

"ಮಕ್ಕಳು?"

"ಮಕ್ಳು ಇಸ್ಕೂಲ್ಗೋಗವೆ. ಅವುಕ್ಕೇನ್ ದಾಡಿ?"

ಹಿಂದೆಯೇ ಬಂದಿದ್ದ ಗುರುಬಸಮ್ಮನ ಗಂಡ ಪುಟ್ಟಬಸಪ್ಪನಿಗೆ ಮೊದಲು ಹೊಳೆಯಿತು. ಇನ್ಸ್‌ಪೆಕ್ಟರ ಮುಖ ನೋಡಿದ, ಬಿಸ್ಕತ್ತಿನ ಪೊಟ್ಟಣ ನೋಡಿದ, ಅಂಗಳಕ್ಕೆ ಓಡಿಬಂದು ಕಂಬ ಹಿಡಿದುಕೊಂಡು ನಕ್ಕ. "ನಮ್ಮ ಉಳಕ್ಕೆ ಬಿಸ್ಕತ್ತು ತಂದವ್ರೆ ಕಣ್ರಪ್ಪೋ!" ಅಕ್ಕಪಕ್ಕದವರೆಲ್ಲ ಸೇರಿದರು. ಷಡಕ್ಷರಿ ಒಳ್ಳೆಯವನು, ಕಿವಿಯವರೆಗೆ ಕೆಂಪಾದರೂ ತಾನೂ ನಕ್ಕುಬಿಟ್ಟ. ಆಮೇಲೆ ಜಗಲಿಯ ಮೇಲೆ ಕುಸಿದು ಕುಳಿತ.

"ಊರು ಪೂರಾ ಹಾಗೇ ಬರೆದುಕೊಂಡು ಹೋದೆನಲ್ಲ. ಬೇರೆ ಊರಿಗೆ ಇಲ್ಲ ಅಂದವರು ಇಲ್ಲಿಗೆ ಅಂತ ಡಬ್ಬಿ ಪೂರ್ತಿ ಕೊಟ್ಟರು. ಇನ್ನು ವಾಪಸು ಒಪ್ಪಿಸಬೇಕು."

ಅಂಗಳ ಗುಡಿಸುತ್ತಿದ್ದ ರಾಮಮ್ಮ ಆ ಡಬ್ಬಿ ಚೀಲದೊಳಕ್ಕೆ ಹೋಗುವುದನ್ನು ನೋಡಿದಳು. ಪೊರಕೆ ಕೈಬಿಟ್ಟಳು.

"ಸಾ, ನಂಗೂ ಜ್ವರ."

ಎಲ್ಲರೂ ಘೊಳ್ಳೆಂದರು. ಪುಟ್ಟಬಸಪ್ಪ ಕಣ್ಣೊರೆಸಿಕೊಳ್ಳುತ್ತ, "ನಿಂದು ಎಷ್ಟ್ನೇದಮ್ಮಿ?" ಎಂದ.

"ಒಂಬತ್ನೇದು ಬುದ್ಧಿ," ಎಂದಳು ರಾಮಮ್ಮ. "ಜಿನ ಬುಟ್ಟು ಜಿನ ಬತ್ತದೆ. ಇವತ್ತೂ... ಇಗೋ, ಬತ್ತಾ ಅದೆ." ಮಾತಿನ ಕೊನೆಗೆ ಹಲ್ಲು ಕಟಕಟ ಎಂದವು.

ನಗು ನಿಂತಿತು. ಗುರುಬಸಮ್ಮ ಮೆಟ್ಟಿಲಿಳಿದು ಬಂದು ಅವಳ ಕತ್ತಿಗೆ ಕೈಯಿಟ್ಟಳು.

"ಒಂಬತ್ತು ಸಲ! ನಂಗ್ಯಾಕ್ ಯೋಳ್ನಿಲ್ಲಮ್ಮಿ?"

"ಉಳದ ಮನೆಗೆ ಬರ್ಬ್ಯಾಡ ಅಂತೀರಿ ಅಂತ ಅವ್ವಾರೆ."

ಹಾಗನ್ನುತ್ತಿರಲಿಲ್ಲ ಎನ್ನಲು ಗುರುಬಸಮ್ಮ ಬಾಯಿ ತೆರೆದಳು. ಆದರೆ ಹಾಗೆಯೇ ಅನ್ನುತ್ತಿದ್ದಳು, ಅದು ಅವಳಿಗೂ ಗೊತ್ತು. ಅಷ್ಟು ಜನರೆದುರು ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಜೋರು ಮಾಡುವುದು ಅವಳ ಸ್ವಭಾವ.

"ಸುಮ್ನೆ ನಿಂತವ್ರಲ್ಲ ಎಲ್ಲಾರೂವ! ಜ್ವರಕ್ಕೆ ಕುಂತಿರೋದ್ನ ಕದಲಿಸ್ಬಾರ್ದು. ಇಲ್ಲೇ ಮಲಗ್ಲಿ, ಜಗುಲಿ ಮ್ಯಾಲೆ."

ಸೊಪ್ಪು ಹೊತ್ತು ಹುಳುಮನೆಗೆ ಹೋಗಿಬಂದದ್ದು ಬಿಟ್ಟರೆ, ಏಳು ವರ್ಷದಲ್ಲಿ ಕೂಲಿಯ ರಾಮಮ್ಮ ಆ ಜಗಲಿಯ ಮೇಲೆ ಕುಳಿತವಳಲ್ಲ. ಪುಟ್ಟಬಸಪ್ಪ ಸಣ್ಣಗೆ ಕೆಮ್ಮಿದ. ಹೆಂಡತಿ ತಿರುಗಿ ನೋಡಿದಳು. ಅವನು ಕೆಮ್ಮು ನುಂಗಿಕೊಂಡು ಕಂಬಳಿ ತರಲು ಒಳಗೆ ಹೋದ.

"ನಾಳಿಕೆ ಉಳ ಎದ್ದಾವು ಅವ್ವಾರೆ," ನಡುಗುತ್ತಲೇ ರಾಮಮ್ಮ ಎಂದಳು. "ಸೊಪ್ಪು ಯಾರ್ ಕೊಯ್ದಾರು?"

"ನಂಗೇನ್ ಕೈ ಬಿದ್ದೋಗವಾ? ಬಾಯ್ ತಗಿ, ಮಾತ್ರೆ ನುಂಗು."

ಮಾತ್ರೆಯ ಕಹಿಗೆ ರಾಮಮ್ಮನ ಮುಖ ಹಿಂಡಿಹೋಯಿತು. ಷಡಕ್ಷರಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ.

ಸುದ್ದಿ ಬೀದಿಗೆ ಹಬ್ಬಿತು. ಸಂಜೆಯೊಳಗೆ ಒಬ್ಬೊಬ್ಬರೇ ಬಂದರು: ಸೊಪ್ಪು ಹೊರುವವರು, ತಟ್ಟೆ ತೊಳೆಯುವವರು, ಕೊನೆಗೆ ಸೆರಗು ತಲೆಗೆಳೆದುಕೊಂಡು ಗುರುಬಸಮ್ಮನ ನಾದಿನಿ ಸುವರ್ಣಮ್ಮ ಕೂಡ. ಹುಳುಮನೆಯ ಭಯಕ್ಕೆ ಊರು ಎಷ್ಟು ಚಳಿಯನ್ನು ಗೋಣಿಯೊಳಗೆ ಮುಚ್ಚಿಟ್ಟಿತ್ತು ಎಂಬುದು ಆವತ್ತು ಬಯಲಾಯಿತು. ಷಡಕ್ಷರಿ ಹೊಸ ಹಾಳೆ ತೆಗೆದ. ಪ್ರತಿಯೊಬ್ಬರನ್ನೂ ತಪ್ಪದೆ ಕೇಳಿದ: "ಜ್ವರ ನಿಮಗೋ, ಹುಳುವಿಗೋ?" ಡಬ್ಬಿ ಕೊಳ್ಳೇಗಾಲಕ್ಕೆ ವಾಪಸು ಹೋಗಲಿಲ್ಲ.

ಭಾನುವಾರ ಹುಳುಗಳು ಎದ್ದವು. ಗುರುಬಸಮ್ಮ ಸೆರಗು ಕಟ್ಟಿ ತೋಟಕ್ಕಿಳಿದಳು. ಮೊದಲ ಹೊರೆ ತಂದಾಗ ಜಗಲಿಯಿಂದ ರಾಮಮ್ಮ, "ಆ ನೀರ್ ಸೊಪ್ಪ ಯಾಕ್ ಕೊಯ್ದ್ರಿ ಅವ್ವಾರೆ, ಬಾಡಿಸಿ ಆಕಿ," ಎಂದು ಕೂಗಿದಳು. "ಮಲಕ್ಕಂಡೇ ಅಧಿಕಾರ ಮಾಡ್ತಾಳೆ," ಎಂದು ಬೈದು ಗುರುಬಸಮ್ಮ ಬಾಡಿಸಿಯೇ ಹಾಕಿದಳು. ಸೋಮವಾರ ರಾಮಮ್ಮನಿಗೆ ಚಳಿ ಬಂತು, ಗಳಿಗೆ ಹೊತ್ತು ಮಾತ್ರ.

ಬುಧವಾರ ಮಧ್ಯಾಹ್ನ ಗುರುಬಸಮ್ಮ ಕೊಯ್ಲನ್ನು ಅರ್ಧಕ್ಕೇ ಬಿಟ್ಟು ಮನೆಗೆ ಬಂದಳು. ರಾಮಮ್ಮ ಗೋಡೆಗೊರಗಿ, ಕಂಬಳಿಯನ್ನು ಎರಡೂ ಕೈಯಲ್ಲಿ ಹಿಡಿದು ಚಳಿ ಬರುವ ಹೊತ್ತನ್ನೇ ಕಾಯುತ್ತಿದ್ದಳು. ಗುರುಬಸಮ್ಮ ಎದುರಿಗೆ ಕುಳಿತಳು. ಮನೆಮನೆಯಲ್ಲಿ ಉಂಡ ಪಾತ್ರೆ ತೊಳೆಯುವ ಸದ್ದು ಕೇಳಿಬಂತು, ಆಮೇಲೆ ಅದೂ ನಿಂತಿತು. ಬಿಸಿಲು ಜಗಲಿಯ ಅಂಚು ಬಿಟ್ಟು ಅಂಗಳಕ್ಕಿಳಿಯಿತು.

"ಅವ್ವಾರೆ."

"ಬಂತಾ?"

"ಇಲ್ಲ ಕಣವ್ವ." ರಾಮಮ್ಮ ಕಂಬಳಿ ಬಿಟ್ಟಳು. "ಒಟ್ಟೆ ಅಸೀತಾ ಅದೆ."

ಗುರುಬಸಮ್ಮ ಒಳಗೆ ಓಡಿದಳು. ತನಗೆಂದು ಇಟ್ಟಿದ್ದ ಮುದ್ದೆಯನ್ನೂ ಹುರುಳಿ ಸಾರನ್ನೂ ತಂದು ಮುಂದಿಟ್ಟಳು. ರಾಮಮ್ಮ ತಲೆಯೆತ್ತದೆ ಉಂಡಳು. ಸಾರು ಮಣಿಕಟ್ಟಿಗಿಳಿದರೂ ಒರೆಸಿಕೊಳ್ಳಲಿಲ್ಲ. ತಟ್ಟೆ ಖಾಲಿಯಾಗುವ ಮೊದಲೇ ಗುರುಬಸಮ್ಮ, ಬೇಕೇ ಎಂದು ಕೇಳದೆ, ಗಂಡನ ಮುದ್ದೆಯನ್ನು ಅರ್ಧ ಮುರಿದು ಬಡಿಸಿದಳು.