ಮಾರ್ಕು ಸಿಗದ ವಾಕ್ಯ

ಅಚ್ಚಾಗಿ ಬಂದಿದ್ದ ಹಾಳೆಯ ಕೊನೆಯ ಸಾಲನ್ನು ಮಧ್ವೇಶರು ಪೆನ್ನಿನಿಂದ ಹೊಡೆದು ಹಾಕುತ್ತಿದ್ದರು. ಆರನೆಯ ಪ್ರತಿಗೆ ಬಂದಾಗ ಮಗಳು ಗಾರ್ಗಿ ಅವರ ಕೈ ಹಿಡಿದುಕೊಂಡಳು.

"ಅಪ್ಪಾ, ಏನ್ ಮಾಡ್ತಿದೀರಾ? ಬಂದೋರಿಗೆ ಹಂಚೋಕೆ ಎಂಬತ್ತು ಕಾಪಿ ಪ್ರಿಂಟ್ ಮಾಡ್ಸಿದೀನಿ!"

"ಇದು ಸುಳ್ಳು ಕಣಮ್ಮಾ."

"ಯಾವ್ದು?"

ಮಧ್ವೇಶರು ಬೆರಳಿಟ್ಟು ಓದಿದರು. "ಐ ಡಿವೋಟೆಡ್ ಮೈ ಲೈಫ್ ಟು ಮೈ ವೈಫ್."

ಅವರ ಹೆಂಡತಿ ಹಂಸಾ ತೀರಿಕೊಂಡು ನಾಲ್ಕು ದಿನವಾಗಿತ್ತು. ಇವತ್ತು ಹನ್ನೊಂದಕ್ಕೆ ದಹನ. ಅದಕ್ಕೆ ಮೊದಲು ಬಂದವರೆದುರು ಹತ್ತಿರದವರು ಎರಡು ಮಾತಾಡುವುದು ಅಮೆರಿಕದ ರೂಢಿ. ತಾತ ಹೇಳಬೇಕಾದ ಮಾತನ್ನು ಹದಿನಾಲ್ಕು ವರ್ಷದ ಮೊಮ್ಮಗಳು ವಸುಧಾ ಬರೆದುಕೊಟ್ಟಿದ್ದಳು.

"ಎಲ್ಲರೂ ಹೀಗೇ ಹೇಳ್ತಾರಪ್ಪ. ಯಾರೂ ಚೆಕ್ ಮಾಡಲ್ಲ."

"ನಿಮ್ಮಮ್ಮ ಮಾಡ್ತಾಳೆ" ಎಂದರು ಮಧ್ವೇಶರು.

ಗಾರ್ಗಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಶಿವಶರಣ ಡಬ್ಬಿ ಹಿಡಿದು ಬಂದ. ಅವನು ಕಲಬುರಗಿಯವನು.

"ಕಾಕಾ, ಅವಲಕ್ಕಿ ತಂದೀನಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಏನೂ ಹಾಕಿಲ್ರಿ. ಒಂದ್ ತುತ್ತರೆ ತಿನ್ರಿ."

ಬೆಳ್ಳುಳ್ಳಿ ಮುಟ್ಟದ ಮನುಷ್ಯನನ್ನು ವಿಧಿ ಕ್ಯಾಲಿಫೋರ್ನಿಯಾದಲ್ಲಿ ಬೆಳ್ಳುಳ್ಳಿಗೇ ಹೆಸರಾದ ಗಿಲ್‌ರಾಯ್‌ಗೆ ತಂದು ಕೂರಿಸಿತ್ತು. ಬೇಸಿಗೆಯಲ್ಲಿ ಕಿಟಕಿ ತೆಗೆದರೆ ಊರಿಗೆ ಊರೇ ಬೆಳ್ಳುಳ್ಳಿ ಒಗ್ಗರಣೆ ಹಾಕಿದ ವಾಸನೆ. ಗಾರ್ಗಿ ಕೆಲಸ ಮಾಡುವ ಲ್ಯಾಬು ಇದ್ದದ್ದು ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಅವಳ ಕೈಗೆಟುಕಿದ ಮನೆ ಇದ್ದದ್ದು ಇಲ್ಲಿ.

ನಾಲ್ಕು ದಿನದಿಂದ ಊಟ ತಿಂಡಿ ಹೀಗೆ ಹೊರಗಿನಿಂದಲೇ ಬರುತ್ತಿತ್ತು. ದಹನವಾಗುವ ತನಕ ಮನೆಯಲ್ಲಿ ಒಲೆ ಹಚ್ಚಬಾರದು. ಮೈಸೂರಿನಲ್ಲಾಗಿದ್ದರೆ ಒಂದೇ ದಿನದಲ್ಲಿ ಎಲ್ಲ ಮುಗಿದು ಹೋಗುತ್ತಿತ್ತು. ಇಲ್ಲಿ ಚಿತಾಗಾರದಲ್ಲಿ ಸರದಿ ಸಿಗಲು ನಾಲ್ಕು ದಿನ ಬೇಕಾಯಿತು. ಶಾಸ್ತ್ರ ಬಿಡಬಾರದೆಂದು ಹಟ ಹಿಡಿದವರು ಮಧ್ವೇಶರೇ. ಆದರೆ ಒಲೆಯ ಮುಂದೆ ಹಾದುಹೋಗುವಾಗಲೆಲ್ಲ ಅವರು ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು.

*

ಮಧ್ವೇಶರು ಮದುವೆ ಮನೆಗಳ ಅಡುಗೆಯವರು. ನಲವತ್ತೈದು ವರ್ಷ ಮೈಸೂರು ಸೀಮೆಯಲ್ಲಿ ಅವರ ಹುಳಿ ಇಲ್ಲದೆ ಒಳ್ಳೆಯ ಮದುವೆ ನಡೆದಿಲ್ಲ ಎಂದು ಜನ ಹೇಳುತ್ತಿದ್ದರು, ಅವರೂ ಹೇಳುತ್ತಿದ್ದರು. ಮನೆಯಲ್ಲಿ ಮಾತ್ರ ಸೌಟು ಮುಟ್ಟಿದವರಲ್ಲ. "ಇನ್ನೂರು ಜನಕ್ಕಾದ್ರೆ ಕಣ್ಣು ಮುಚ್ಕೊಂಡು ಮಾಡ್ತೀನಿ, ಇಬ್ಬರಿಗೆ ಅಳತೆ ಗೊತ್ತಾಗಲ್ಲ" ಎನ್ನುತ್ತಿದ್ದರು. ಹಂಸಾ ಮಿಡಲ್ ಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಮೂವತ್ತೊಂದು ವರ್ಷ ಪಾಠ ಮಾಡಿ, ಮನೆಗೆ ಬಂದು ಅನ್ನಕ್ಕಿಡುತ್ತಿದ್ದರು.

ಗಿಲ್‌ರಾಯ್‌ಗೆ ಬಂದ ಮೇಲೆ, ಮೊಮ್ಮಗಳ ಮಾತು ಅರ್ಥವಾಗಲೆಂದು ಮಧ್ವೇಶರು ಹೆಂಡತಿಗೆ ಶಿಷ್ಯರಾದರು. ಬೆಳಗ್ಗೆ ಕಾಫಿಯಾದ ಮೇಲೆ ದಿನಕ್ಕೊಂದು ಕ್ರಿಯಾಪದ, ಮೂರು ವಾಕ್ಯ. ಶಾಲೆಯಲ್ಲಿದ್ದ ನಿಯಮವೇ ಇಲ್ಲೂ: ವಾಕ್ಯ ನಿಜವಾಗಿರಬೇಕು. "ದಿ ಕ್ಯಾಟ್ ಡ್ರಿಂಕ್ಸ್ ಮಿಲ್ಕ್" ಅಂದರೆ "ಯಾವ ಬೆಕ್ಕು? ಎಲ್ಲಿ ನೋಡಿದ್ರಿ?" ಎಂದು ಕೇಳುತ್ತಿದ್ದರು.

ಒಂದು ದಿನ 'ಡಿವೋಟ್' ಬಂತು. ಮುಡಿಪಾಗಿಡುವುದು ಎಂದು ಹಂಸಾ ಅರ್ಥ ಹೇಳಿದರು. ಮಧ್ವೇಶರು ಮೊದಲು ಅಡುಗೆಗೆ ಬದುಕು ಮುಡಿಪಿಟ್ಟೆ ಎಂದು ಬರೆದರು. ಮಾರ್ಕು ಸಿಕ್ಕಿತು. ಆ ಹುರುಪಿನಲ್ಲಿ ಹೆಂಡತಿಗೆ ಮುಡಿಪಿಟ್ಟೆ ಎಂದು ಇನ್ನೊಂದು ಬರೆದರು.

"ರೀ, ವ್ಯಾಕರಣ ಸರಿ. ವಿಷಯ ಸುಳ್ಳು" ಎಂದು ಹಂಸಾ ಹೊಡೆದು ಹಾಕಿದರು.

"ಯಾಕೇ?"

"ಗಾರ್ಗಿ ಹುಟ್ಟಿದ ದಿನ ಎಲ್ಲಿದ್ರಿ?"

"ಚಾಮರಾಜನಗರ. ಉಪನಯನ ಇತ್ತು."

"ನಂಗೆ ಟೈಫಾಯ್ಡ್ ಬಂದಾಗ?"

"ನಂಜನಗೂಡು... ಎರಡು ಮದುವೆ."

ಹಂಸಾ ಜೋರಾಗಿ ನಕ್ಕರು. "ಕೋಪ ಇಲ್ಲ ರೀ. ಊರಿಗೆಲ್ಲ ಬಡಿಸಿದ ಕೈ ನಿಮ್ದು, ನಂಗೂ ಹೆಮ್ಮೆನೇ. ಆದ್ರೆ ಸುಳ್ಳಿಗೆ ಮಾರ್ಕು ಹಾಕಲ್ಲ."

"ಯುಗಾದಿಗೆ ನಿಂಗೊಬ್ಬಳಿಗೇ ಎಲೆ ಹಾಕಿ ಬಡಿಸ್ತೀನಿ. ಆಗ ಹಾಕ್ತೀಯಾ?"

"ಒಂದು ಊಟಕ್ಕೆ ಒಂದು ಮಾರ್ಕು."

ಆ ಯುಗಾದಿಗೆ ಮಧ್ವೇಶರಿಗೆ ಮಂಡಿ ನೋವು. ಮುಂದಿನದಕ್ಕೆ ಗಾರ್ಗಿಗೆ ಮೀಟಿಂಗು, ಹೋಟೆಲಿನಿಂದ ಹೋಳಿಗೆ ತರಿಸಿದರು. ನಾಳೆ ಮಾಡಿದರಾಯಿತು ಎಂದುಕೊಂಡರು ಮಧ್ವೇಶರು. ಮೊನ್ನೆ ಭಾನುವಾರ ಹಂಸಾ ಕಾಫಿ ಲೋಟ ತೊಳೆದಿಟ್ಟು ಮಲಗಿದವರು ಏಳಲಿಲ್ಲ.

*

ಚಿತಾಗಾರದ ಹಾಲಿನಲ್ಲಿ ಹಂಸಾ ಹಸಿರು ರೇಷ್ಮೆ ಸೀರೆಯುಟ್ಟು ಪೆಟ್ಟಿಗೆಯಲ್ಲಿ ಮಲಗಿದ್ದರು. ಮುಖಕ್ಕೆ ಯಾರೋ ಬಣ್ಣ ಹಚ್ಚಿದ್ದರು. ಮಧ್ವೇಶರಿಗೆ ಅದು ಹಿಡಿಸಲಿಲ್ಲ.

ಶಿವಶರಣ ಮೊದಲು ಮಾತಾಡಿದ. "ನನ್ನ ಇಂಟರ್‌ವ್ಯೂಕ್ಕ ಮೇಡಂ ಇಂಗ್ಲಿಷ್ ಕಲಿಸಿದ್ರು. 'ಐ ಆಮ್ ಹಾರ್ಡ್‌ವರ್ಕಿಂಗ್' ಅಂತ ಅಂದೆ. 'ಹೌದಾ? ಇವತ್ತು ಎಷ್ಟ್ ಹೊತ್ತಿಗೆ ಎದ್ದೆ?' ಅಂತ ಕೇಳಿದ್ರು ನೋಡ್ರಿ." ಜನ ನಕ್ಕರು. ಅವನೇ ಅತ್ತುಬಿಟ್ಟ.

ವಸುಧಾ ತಾತನ ಕೈಗೆ ಹಾಳೆ ಕೊಟ್ಟಳು. "ಜಸ್ಟ್ ರೀಡ್ ಇಟ್, ತಾತಾ. ಇಟ್ಸ್ ಓಕೆ."

ಗಾರ್ಗಿ ಕಣ್ಣಿನಲ್ಲೇ ಬೇಡಿಕೊಂಡಳು. ಎಂಬತ್ತು ಜನರೆದುರು ಅಪ್ಪ ಏನಾದರೂ ಅಂದುಬಿಟ್ಟರೆ ಎಂದು ಅವಳಿಗೆ ದಿಗಿಲು. ಮಧ್ವೇಶರು ಹಾಳೆಯನ್ನು ಮಡಚಿ ಜೇಬಿಗಿಟ್ಟರು. ಇಷ್ಟು ವರ್ಷದಲ್ಲಿ ಹಂಸಾಗೆ ಬೇರೇನೂ ಕೊಡಲಾಗಲಿಲ್ಲ, ಹೋಗುವ ಹೊತ್ತಿಗಾದರೂ ಸುಳ್ಳು ಕೇಳಿಸಬಾರದು.

"ಐ ಡಿವೋಟೆಡ್ ಮೈ ಲೈಫ್ ಟು ಅದರ್ ಪೀಪಲ್ಸ್ ವೆಡ್ಡಿಂಗ್ಸ್" ಎಂದರು ನಿಧಾನವಾಗಿ. "ಐ ಡಿಡ್ ನಾಟ್ ಡಿವೋಟ್ ಒನ್ ಮೀಲ್ ಟು ಮೈ ವೈಫ್."

ಗಾರ್ಗಿ ತಲೆ ತಗ್ಗಿಸಿದಳು. ಅಮ್ಮ ಒಬ್ಬಳೇ ಕೂತು ಊಟ ಮಾಡುತ್ತಿದ್ದ ಎಷ್ಟೋ ರಾತ್ರಿಗಳು ಅವಳಿಗೂ ಗೊತ್ತಿದ್ದವು. ಎದ್ದು ಹೋಗಿ ಅಪ್ಪನ ತೋಳು ಹಿಡಿದು ನಿಂತಳು.

ಪುರೋಹಿತ ಅಭಿರಾಮ್ ವಾಚು ನೋಡಿಕೊಂಡ. ವಾರವಿಡೀ ಸಾಫ್ಟ್‌ವೇರ್ ಟೆಸ್ಟಿಂಗು, ರಜೆ ಹಾಕಿ ಪೌರೋಹಿತ್ಯ ಮಾಡುವ ಹುಡುಗ. ಹನ್ನೆರಡಕ್ಕೆ ಇನ್ನೊಂದು ಮನೆಯವರ ಸರದಿ ಇತ್ತು. ಅವನು ತಟ್ಟೆಯಲ್ಲಿ ಅಕ್ಕಿ ಹಿಡಿದ. "ಬಾಯಿಗೆ ಅಕ್ಕಿಕಾಳು ಹಾಕಿ ಸರ್, ಮೂರು ಸಲ. ಸ್ವಲ್ಪ ಬೇಗ."

ಮಧ್ವೇಶರು ಒಂದು ಹಿಡಿ ಅಕ್ಕಿಯನ್ನು ಅಂಗೈಯಲ್ಲಿ ಹರವಿಕೊಂಡು, ಕನ್ನಡಕ ಮೇಲೆತ್ತಿ, ಬೆರಳ ತುದಿಯಿಂದ ಆರಿಸತೊಡಗಿದರು.

"ಸರ್, ಪ್ಯಾಕೆಟ್ ಅಕ್ಕಿ. ಕಲ್ಲು ಇರಲ್ಲ. ಟೈಮು—"

"ಇರಲಿ ಬಿಡಿ" ಎಂದಳು ಗಾರ್ಗಿ. "ಅಪ್ಪ ಆರಿಸ್ಲಿ."

ಅವರು ಒಂದು ನುಚ್ಚು ತೆಗೆದು ಪಕ್ಕಕ್ಕಿಟ್ಟರು. ಇನ್ನೊಂದು ತೆಗೆದರು. ಇಡಿಯಾದ ಕಾಳುಗಳಷ್ಟೇ ಉಳಿದ ಮೇಲೆ ಬಾಗಿ, ಹೆಂಡತಿಯ ತುಟಿಯ ಮೇಲೆ ಚೆಲ್ಲದ ಹಾಗೆ ಬಡಿಸಿದರು.