ಅಕ್ಕ ಕೊಟ್ಟ ಕಿಡ್ನಿ

ಕಾರ್ಖಾನೆಯ ಕ್ಯಾಂಟೀನಿನ ಅಡಿಗೆಯವನು ಒಂದು ಸೌಟು ಸೂಪು ಬಾಯಿಗೆ ಹಾಕಿಕೊಂಡು, ಅತ್ತಿತ್ತ ನೋಡಿ, ಸಿಂಕಿಗೆ ಉಗಿದ. ಬಾಗಿಲಲ್ಲಿ ನಿಂತಿದ್ದ ಅವನ ಅಕ್ಕ ನೋಡಿಯೇಬಿಟ್ಟಳು.

"ಥೂ! ನೀನು ಮಾಡಿದ್ದನ್ನ ನೀನೇ ಉಗೀತೀಯಾ? ಅದಕ್ಕೇ ಮೂರು ದಿನದಿಂದ ಬಾಯಿಗಿಡೋ ಹಾಗಿಲ್ಲ, ಬರೀ ಉಪ್ಪು!"

ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ ಅವಳು. ಎಂಟು ತಿಂಗಳ ಹಿಂದೆ ತಮ್ಮನಿಗೆ ತನ್ನದೊಂದು ಕಿಡ್ನಿ ಕೊಟ್ಟಿದ್ದಳು. ಕೊಟ್ಟಳು ಅಂದರೆ ಬಿಟ್ಟುಕೊಟ್ಟಳು ಅಂತಲ್ಲ. ದಿನಾ ಊಟದ ಹೊತ್ತಿಗೆ ಬಂದು, "ನನ್ನ ಕಿಡ್ನಿ ಹೇಗಿದೆ? ನೀರು ಕುಡಿಸಿದ್ಯಾ ಅದಕ್ಕೆ?" ಎಂದು ವಿಚಾರಿಸುತ್ತಿದ್ದಳೇ ಹೊರತು ತಮ್ಮನ ಯೋಗಕ್ಷೇಮದ ಮಾತೇ ಇಲ್ಲ.

ಅಡಿಗೆಯವನದೂ ಒಂದು ಹಟವಿತ್ತು. ತಾನು ರುಚಿ ನೋಡಿ ತಲೆಯಾಡಿಸುವ ತನಕ ಒಂದು ತಟ್ಟೆಯೂ ಹೊರಗೆ ಹೋಗಬಾರದು. ಉಪ್ಪು ಗೊತ್ತಾಗುವುದು ನಾಲಿಗೆಗಲ್ಲ, ನುಂಗಿದ ಮೇಲೆ ಗಂಟಲಿಗೆ ಎಂಬುದು ಅವನ ಸಿದ್ಧಾಂತ. ಈಗ ನುಂಗಿದರೆ ಎದೆಯ ನಡುವೆ ಕೆಂಡ ಇಳಿದಂತಾಗುತ್ತಿತ್ತು.

"ನುಂಗೋಕಾಗ್ತಿಲ್ಲ ಅಕ್ಕಾ. ನೀರೂ ಉರಿಯುತ್ತೆ."

"ಮತ್ತೆ ಕಿಡ್ನಿ ಮಾತ್ರೆ ಹೇಗೆ ನುಂಗ್ತೀಯ?"

ಅವನು ಸೌಟು ತೊಳೆದ. ತೊಳೆದದ್ದನ್ನೇ ಮತ್ತೆ ತೊಳೆದ.

"ಬಿಟ್ಟು ಎರಡು ದಿನ ಆಯ್ತು. ಮಾತ್ರೆಯಿಂದಲೇ ಸುಟ್ಟಿದೆ ಅಂದ್ಕೊಂಡೆ."

"ಅಯ್ಯೋ ಪಾಪಿ! ಅದನ್ನ ಬಿಟ್ಟರೆ ನಿನ್ನ ಮೈ ನನ್ನ ಕಿಡ್ನೀನ ಒದ್ದು ಓಡಿಸುತ್ತೆ ಕಣೋ!"

ಏಪ್ರನ್ ಸಮೇತ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರು ಕ್ಯಾಮೆರಾದ ಕೊಳವೆ ಇಳಿಸಿ ನೋಡಿದರು. ಅನ್ನನಾಳದ ತುಂಬ ಹುಣ್ಣು.

"ವೈರಸ್ಸಿನ ಕೆಲಸ. ಕಿಡ್ನಿ ಉಳೀಲಿ ಅಂತ ಕೊಡೋ ಮಾತ್ರೆ ಮೈಯ ಕಾವಲನ್ನ ಮಲಗಿಸುತ್ತೆ. ಅದೇ ಸಮಯ ನೋಡಿ ಇದು ನುಗ್ಗಿದೆ. ಡ್ರಿಪ್ಪಲ್ಲಿ ಔಷಧಿ ಕೊಡ್ತೀವಿ, ವಾಸಿಯಾಗುತ್ತೆ. ಆದರೆ ಹೇಳದೆ ಕೇಳದೆ ಮಾತ್ರೆ ಬಿಟ್ಟಿದ್ದಾರಲ್ಲ, ಕಿಡ್ನಿಗೆ ಏನಾಗಿದೆಯೋ ರಕ್ತ ನೋಡಬೇಕು."

ಅಕ್ಕನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಹೆದರಿಕೆಯಾದರೆ ಅವಳು ಬೈಯುತ್ತಾಳೆ. ತಮ್ಮನಿಗೆ ಬೈದಳು, ನರ್ಸಿಗೆ ಬೈದಳು, ಕಡೆಗೆ ಕಿರುಗುಡುವ ಫ್ಯಾನಿಗೂ ಬೈಗುಳ ತಪ್ಪಲಿಲ್ಲ. ರಜೆ ಹಾಕಿ ಮೂರು ದಿನ ಅವನ ಮಂಚದ ಪಕ್ಕದ ಸ್ಟೂಲು ಬಿಟ್ಟು ಏಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಡಾಕ್ಟರು ವರದಿ ಹಿಡಿದು ಬಂದರು.

"ಅಮ್ಮಾ, ನಿಮ್ಮ ಕಿಡ್ನಿ ಕ್ಷೇಮ."

"ಅದು ಹಾಳಾಗಿ ಹೋಗ್ಲಿ," ಎಂದಳು ಅಕ್ಕ. "ಇವನು ಹೇಗಿದ್ದಾನೆ ಹೇಳಿ."

ಡಾಕ್ಟರು ನಕ್ಕು ನೀರಿನ ಲೋಟ ತೋರಿಸಿದರು. ತಮ್ಮ ಒಂದು ಗುಟುಕನ್ನು ಬಾಯಲ್ಲೇ ಕೊಂಚ ಹೊತ್ತು ಇಟ್ಟುಕೊಂಡು, ಕಣ್ಣು ಮುಚ್ಚಿ, ನುಂಗಿದ. ಅವನನ್ನೇ ನೋಡುತ್ತಿದ್ದ ಅಕ್ಕನ ಗಂಟಲೂ ಜೊತೆಗೇ ಆಡಿತು.